ಸಹಿ ಹಾಕಿದವರೆಷ್ಟು, ಹೊಗೆಸೊಪ್ಪು ಬಿಟ್ಟವರೆಷ್ಟು?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಕಳೆದ ಮೇ 31ರ ವಿಶ್ವ ತಂಬಾಕು ರಹಿತ ದಿನದಂದು ಹಳೆಯ ವಿದ್ಯಾರ್ಥಿಗಳ ಸಂಘದೊಡನೆ ಸೇರಿ ಸುತ್ತಲಿನ ಊರುಗಳಲ್ಲಿ ಜಾಥಾ ನಡೆಸಿದೆವು. ಆರುನೂರಕ್ಕೂ ಹೆಚ್ಚು ಜನ ತಂಬಾಕು ಮುಟ್ಟುವುದಿಲ್ಲವೆಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಆಮೇಲೆ ಒಬ್ಬ ಹಳೆಯ ವಿದ್ಯಾರ್ಥಿ, ‘ಇದರಿಂದ ಎಷ್ಟು ಜನ ಬಿಟ್ಟರು ಮೇಷ್ಟ್ರೇ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಸಂಘದಲ್ಲಿ ಸ್ವಲ್ಪ ಹಣ ಕೂಡಿದೆ. 12 ಹಳ್ಳಿಗಳಲ್ಲಿ ಎರಡು ವರ್ಷದ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಹುಣಸೂರು ಕಡೆಯ ಗೆಳೆಯರೂ ತಮ್ಮ ಊರುಗಳಲ್ಲಿ ಇದನ್ನೇ ಮಾಡಲು ಮುಂದೆ ಬಂದಿದ್ದಾರೆ. ಬೇರೆ ದೇಶಗಳಲ್ಲಿ ಯಾವ ಕಾರ್ಯಕ್ರಮಗಳು ಫಲ ನೀಡಿವೆ? ಫಲ ನೀಡಿತೆಂದು ಅವರು ಹೇಗೆ ಕಂಡುಕೊಂಡರು? ನಾವು ಅಳೆಯುವುದು ಹೇಗೆ?

ಉತ್ತರ:

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿ ಕೇಳಿದ ಪ್ರಶ್ನೆಯನ್ನು ನಾವು ಸಮುದಾಯ ವೈದ್ಯಶಾಸ್ತ್ರದವರು ನಮಗೆ ನಾವೇ ಕೇಳಿಕೊಳ್ಳುವುದನ್ನು ಕಲಿಯಲು ಬಹಳ ಕಾಲ ಹಿಡಿಯಿತು. ಸಹಿಗಳ ಸಂಖ್ಯೆ ನೀವು ಎಷ್ಟು ದುಡಿದಿರಿ ಎಂಬುದನ್ನು ಹೇಳುತ್ತದೆ. ಊರಿನಲ್ಲಿ ಏನು ಬದಲಾಯಿತು ಎಂಬುದನ್ನು ಹೇಳುವುದಿಲ್ಲ. ಇವೆರಡನ್ನೂ ಬೇರೆ ಬೇರೆಯಾಗಿ ಕಾಣುವ ಏರ್ಪಾಡು ಕಾರ್ಯಕ್ರಮ ಮುಗಿದ ಮೇಲೆ ಆಗುವಂಥದ್ದಲ್ಲ, ಮೊದಲ ಕರಪತ್ರ ಅಚ್ಚಾಗುವ ಮುಂಚೆಯೇ ಆಗಿರಬೇಕು. ಮೌಲ್ಯಮಾಪನವನ್ನು ಕೊನೆಯ ತಿಂಗಳಿನ ಕೆಲಸವೆಂದು ಎತ್ತಿಟ್ಟರೆ ಆ ಹೊತ್ತಿಗೆ ಅಳೆಯಬೇಕಾದದ್ದು ಕೈಜಾರಿ ಹೋಗಿರುತ್ತದೆ. ಈ ಒಂದು ಮಾತು ನಿಮ್ಮ ಮನಸ್ಸಿಗೆ ಹಿಡಿಸಿದರೆ ಮುಂದೆ ಬರೆದಿರುವುದೆಲ್ಲ ಅದರಿಂದಲೇ ಹುಟ್ಟುವ ವಿವರಗಳು.

ಅಮೆರಿಕ ಮತ್ತು ಕೆನಡಾದಲ್ಲಿ 1989ರಿಂದ 1993ರವರೆಗೆ ‘ಕಮಿಟ್’ ಎಂಬ ದೊಡ್ಡ ಪ್ರಯೋಗ ನಡೆಯಿತು. 22 ಊರುಗಳನ್ನು 11 ಜೋಡಿಗಳಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದು ಊರನ್ನು ಚೀಟಿ ಎತ್ತಿದಂತೆ ಆರಿಸಿ, ಆ ಊರಿನಲ್ಲಿ ಮಾತ್ರ ನಾಲ್ಕು ವರ್ಷ ಕಾರ್ಯಕ್ರಮ ನಡೆಸಿದರು. ವೈದ್ಯರು, ಕಾರ್ಖಾನೆಗಳು, ಪತ್ರಿಕೆಗಳು, ಶಾಲೆಗಳು ಎಲ್ಲರೂ ಅದರಲ್ಲಿ ತೊಡಗಿದ್ದರು. ಕೊನೆಯಲ್ಲಿ ನೋಡಿದಾಗ ದಿನಕ್ಕೆ 25 ಅಥವಾ ಅದಕ್ಕಿಂತ ಹೆಚ್ಚು ಸಿಗರೇಟು ಸೇದುತ್ತಿದ್ದವರ ಪೈಕಿ ಶೇಕಡಾ 18 ಮಂದಿ ಬಿಟ್ಟಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಅಭಿಮಾನದ ವರದಿಯಾಗುತ್ತಿತ್ತು. ಆದರೆ ಕಾರ್ಯಕ್ರಮದ ಗಾಳಿಯೂ ಸೋಕದ ಜೋಡಿ ಊರುಗಳಲ್ಲಿ ಬಿಟ್ಟವರು ಶೇ. 18.7. ಭಾರೀ ಸೇದುಗರ ಮಟ್ಟಿಗೆ ನಾಲ್ಕು ವರ್ಷದ ದುಡಿಮೆಯಿಂದ ವ್ಯತ್ಯಾಸವೇ ಆಗಲಿಲ್ಲ. ಕಡಿಮೆ ಸೇದುವವರಲ್ಲಿ ಮಾತ್ರ ಬಿಟ್ಟವರು ಕಾರ್ಯಕ್ರಮದ ಊರುಗಳಲ್ಲಿ ಶೇ. 30.6, ಜೋಡಿ ಊರುಗಳಲ್ಲಿ ಶೇ. 27.5, ಅಂದರೆ ಸುಮಾರು ಮೂರು ಅಂಶದ ಲಾಭ. ಹೋಲಿಕೆಯ ಊರುಗಳನ್ನು ಇಟ್ಟುಕೊಂಡಿದ್ದರಿಂದಲೇ ಈ ಸತ್ಯ ಗೊತ್ತಾಯಿತು. ಫಲಿತಾಂಶ ನಿರಾಸೆಯದ್ದಾದರೂ ಅದನ್ನು 1995ರಲ್ಲಿ ಹಾಗೆಯೇ ಪ್ರಕಟಿಸಿದ ಆ ಸಂಶೋಧಕರ ಬಗ್ಗೆ ನನಗೆ ಬಹಳ ಗೌರವವಿದೆ.

ಕಾರ್ಯಕ್ರಮವೇ ಇಲ್ಲದ ಕಡೆಯೂ ಜನ ತಂಬಾಕು ಬಿಡುತ್ತಾರೆ. ಯಾರ ನೆರವೂ ಇಲ್ಲದೆ ತಾವಾಗಿ ಬಿಡಲು ಹೊರಟ ನೂರು ಸೇದುಗರಲ್ಲಿ ಮೂರರಿಂದ ಐದು ಮಂದಿ ಆರು ತಿಂಗಳಿಂದ ಒಂದು ವರ್ಷದ ನಂತರವೂ ಮುಟ್ಟದೆ ಉಳಿದಿರುತ್ತಾರೆಂದು ಅಧ್ಯಯನಗಳು ತೋರಿಸಿವೆ. ನಮ್ಮ ರಾಜ್ಯವನ್ನೇ ನೋಡಿ: ವಯಸ್ಕರ ಜಾಗತಿಕ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ತಂಬಾಕು ಬಳಸುವವರು 2009–10ರಲ್ಲಿ ಶೇ. 28.2 ಇದ್ದರು, 2016–17ರ ಹೊತ್ತಿಗೆ ಶೇ. 22.8ಕ್ಕೆ ಇಳಿದರು. ಏಳು ವರ್ಷಗಳಲ್ಲಿ ಐದೂವರೆ ಅಂಶದಷ್ಟು ಇಳಿಕೆ. ಎಂದಮೇಲೆ ನಿಮ್ಮ ಹಳ್ಳಿಗಳಲ್ಲಿ ಎರಡು ವರ್ಷಕ್ಕೆ ಒಂದೂವರೆ ಅಂಶ ಇಳಿದರೆ ಅದು ನಿಮ್ಮ ದುಡಿಮೆಯ ಫಲವೋ, ಕಾಲದ ಹರಿವೋ ಎಂದು ಹೋಲಿಕೆಯಿಲ್ಲದೆ ಹೇಳುವಂತಿಲ್ಲ.

ಇಂಥ ಕೆಲಸಕ್ಕೆ ಹಣ, ಪರಿಣತಿ ಎಲ್ಲ ಹೊರದೇಶದವರಿಗೇ ಸಾಧ್ಯ ಎಂದುಕೊಳ್ಳಬೇಡಿ. 1980ರ ದಶಕದಲ್ಲೇ ಬೆಂಗಳೂರಿನ ಕಿದ್ವಾಯಿ ಗಂಥಿ (ಕ್ಯಾನ್ಸರ್) ಸಂಸ್ಥೆಯ ವೈದ್ಯರು ಕೋಲಾರ ಜಿಲ್ಲೆಯ 117 ಹಳ್ಳಿಗಳಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಒಂದು ಪ್ರದೇಶದಲ್ಲಿ ಆರೋಗ್ಯ ಕಾರ್ಯಕರ್ತರು ಚಿತ್ರಗಳನ್ನು ತೋರಿಸಿ, ಮನೆಮನೆಗೆ ಹೋಗಿ ಮಾತಾಡಿ ತಿಳಿಹೇಳಿದರು; ಬೇರೆ ಎರಡು ಪ್ರದೇಶಗಳನ್ನು ಹೋಲಿಕೆಗೆಂದು ಇಟ್ಟುಕೊಂಡರು. ಕಾರ್ಯಕ್ರಮ ನಡೆದ ಕಡೆ ಇಳಿಕೆ ಸ್ಪಷ್ಟವಾಗಿ ಹೆಚ್ಚಿತ್ತು, ಅದರಲ್ಲೂ ಬಿಟ್ಟವರ ಪ್ರಮಾಣ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಿತ್ತು. ಕರ್ನಾಟಕದ ರಾಗಿ ಹೊಲದ ಊರುಗಳಲ್ಲಿ ಆದದ್ದು ಕಬ್ಬಿನ ಗದ್ದೆಯ ಊರುಗಳಲ್ಲಿ ಆಗಬಾರದೆಂದೇನಿಲ್ಲ.

ಜಗತ್ತಿನಲ್ಲಿ ಯಾವುದು ಫಲ ನೀಡಿದೆ ಎಂಬ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಅತ್ಯಂತ ಗಟ್ಟಿ ಪುರಾವೆ ಇರುವುದು ತೆರಿಗೆ ಏರಿಕೆಗೆ. ತಂಬಾಕಿನ ಬೆಲೆ ಶೇ. 10ರಷ್ಟು ಏರಿದರೆ ನಮ್ಮಂಥ ದೇಶಗಳಲ್ಲಿ ಬಳಕೆ ಸುಮಾರು ಶೇ. 5ರಷ್ಟು ಇಳಿಯುತ್ತದೆಂಬುದು ಅನೇಕ ಅಧ್ಯಯನಗಳ ಒಟ್ಟು ಲೆಕ್ಕ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ, ಜಾಹೀರಾತಿನ ಸಂಪೂರ್ಣ ನಿಷೇಧ, ಪೊಟ್ಟಣದ ಮೇಲೆ ದೊಡ್ಡ ಚಿತ್ರ ಎಚ್ಚರಿಕೆ, ಬಿಡಲು ಬಯಸುವವರಿಗೆ ನೆರವು ಇವು ಉಳಿದ ಮುಖ್ಯ ಕ್ರಮಗಳು. 2003ರಲ್ಲಿ ವಿಶ್ವ ಆರೋಗ್ಯ ಸಭೆ ಒಪ್ಪಿದ, 2005ರಿಂದ ಜಾರಿಯಲ್ಲಿರುವ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯ ಸಾರವೂ ಇದೇ. ಭಾರತ 2004ರಲ್ಲೇ ಅದಕ್ಕೆ ಬದ್ಧವಾಯಿತು. ಆದರೆ ಇಡೀ ದೇಶಕ್ಕೋ ರಾಜ್ಯಕ್ಕೋ ಒಂದೇ ದಿನ ಜಾರಿಯಾಗುವ ಕಾನೂನನ್ನು ಅಳೆಯುವುದು ಹೇಗೆ? ಅಲ್ಲಿ ಚೀಟಿ ಎತ್ತಲು ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನಮತದಿಂದ ಒಪ್ಪಿಗೆಯಾದ ಕಾನೂನಿನಂತೆ ಮರುವರ್ಷದಿಂದ ಪೊಟ್ಟಣವೊಂದಕ್ಕೆ 25 ಸೆಂಟ್ ತೆರಿಗೆ ಏರಿತು, ಅದರ ಒಂದು ಪಾಲು ತಂಬಾಕು ವಿರೋಧಿ ಕೆಲಸಕ್ಕೆ ಹೋಯಿತು. ಅಲ್ಲಿ ಸಿಗರೇಟು ಮಾರಾಟ ಮೊದಲಿನಿಂದಲೂ ಇಳಿಯುತ್ತಲೇ ಇತ್ತು. ಆದ್ದರಿಂದ ಅರ್ಥಶಾಸ್ತ್ರಜ್ಞರು ಅಂಥ ಕಾನೂನಿಲ್ಲದ ಕೆಲವು ರಾಜ್ಯಗಳ ಅಂಕಿಗಳನ್ನು ತಕ್ಕ ತೂಕದಲ್ಲಿ ಬೆರೆಸಿ, 1988ರವರೆಗೆ ಕ್ಯಾಲಿಫೋರ್ನಿಯಾದ ನಡೆಯನ್ನೇ ಹೋಲುವ ಒಂದು ಕಾಲ್ಪನಿಕ ರಾಜ್ಯವನ್ನು ಕಟ್ಟಿದರು. ಅನಂತರ ಎರಡರ ದಾರಿ ಎಷ್ಟು ಬೇರೆಯಾಯಿತೆಂದು ನೋಡಿದರು. 2000ದ ಹೊತ್ತಿಗೆ ತಲಾ ವಾರ್ಷಿಕ ಮಾರಾಟ ಸುಮಾರು 26 ಪೊಟ್ಟಣಗಳಷ್ಟು ಕಡಿಮೆಯಾಗಿತ್ತೆಂದು ಅವರ ಅಂದಾಜು. ಹೋಲಿಕೆ ಸಿಗದಿದ್ದಾಗ ಹೋಲಿಕೆಯನ್ನು ಕಟ್ಟಿಕೊಳ್ಳುವ ಈ ಜಾಣತನ ನಿಮ್ಮ 12 ಹಳ್ಳಿಗಳಿಗೆ ಬೇಕಾಗಿಲ್ಲ. ನಿಮಗೆ ಚೀಟಿ ಎತ್ತುವ ಸೌಕರ್ಯವೇ ಇದೆ.

ಸಣ್ಣ ಊರಿನ ದೊಡ್ಡ ಫಲಿತಾಂಶವನ್ನು ಬೇಗ ನಂಬಬಾರದು ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಎಂಬ ಪಟ್ಟಣದಲ್ಲಿ 2002ರಲ್ಲಿ ಆರು ತಿಂಗಳ ಕಾಲ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧ ಜಾರಿಯಲ್ಲಿತ್ತು. ಹಿಂದಿನ ವರ್ಷಗಳ ಅದೇ ತಿಂಗಳುಗಳಲ್ಲಿ ಸರಾಸರಿ 40 ಜನ ಹೃದಯಾಘಾತದಿಂದ ಆಸ್ಪತ್ರೆ ಸೇರುತ್ತಿದ್ದರೆ ಆ ಅವಧಿಯಲ್ಲಿ ಸೇರಿದವರು 24. ಸುದ್ದಿ ಜಗತ್ತಿನೆಲ್ಲೆಡೆ ಹರಡಿತು. ಅನಂತರ ದೊಡ್ಡ ಜನಸಂಖ್ಯೆಗಳಲ್ಲಿ ನಡೆದ ಅಧ್ಯಯನಗಳೂ ಇಳಿಕೆಯನ್ನು ಕಂಡವು, ಆದರೆ ಅದು ಹೆಲೆನಾದಲ್ಲಿ ಕಂಡದ್ದಕ್ಕಿಂತ ಬಹಳ ಚಿಕ್ಕದು. ದಿಕ್ಕು ಸರಿಯಿತ್ತು, ಪ್ರಮಾಣ ಉಬ್ಬಿತ್ತು; ಎಣಿಕೆ ಚಿಕ್ಕದಾದಾಗ ಹೀಗಾಗುವುದು ಸಹಜ. ನಿಮ್ಮ ಒಂದು ಹಳ್ಳಿಯಲ್ಲಿ ಅರ್ಧಕ್ಕರ್ಧ ಜನ ಬಿಟ್ಟರೆಂದು ಯಾರಾದರೂ ಹೇಳಿದರೆ ಸಂತೋಷಪಡಿ, ಆದರೆ ಪತ್ರಿಕೆಗೆ ಹೇಳಿಕೆ ಕೊಡಬೇಡಿ.

ನಿಷೇಧದಿಂದ ಆಗುವ ಅನಿರೀಕ್ಷಿತ ಪರಿಣಾಮಗಳನ್ನೂ ಅಳೆಯಬೇಕು. ಭೂತಾನ್ 2004ರಲ್ಲಿ ತಂಬಾಕು ಮಾರಾಟವನ್ನೇ ನಿಷೇಧಿಸಿತು. ಗಡಿಯಾಚೆಯಿಂದ, ಅಂದರೆ ನಮ್ಮ ದೇಶದಿಂದಲೇ, ಕಳ್ಳಸಾಗಣೆ ಬೆಳೆಯಿತು. ಕೊನೆಗೆ ಕೋವಿಡ್ ಕಾಲದಲ್ಲಿ ಆ ನಿಷೇಧವನ್ನು ತೆಗೆಯಬೇಕಾಯಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬರತೊಡಗಿದ್ದನ್ನು, ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುವುದನ್ನು ನಿಮ್ಮ ಊರಿನ ಪೆಟ್ಟಿಗೆ ಅಂಗಡಿಯ ಮುಂದೆ ನೀವೇ ಕಂಡಿರುತ್ತೀರಿ. ಗುಟ್ಕಾ ಬಳಕೆ ಎಷ್ಟು ಇಳಿಯಿತು ಎಂದಷ್ಟೇ ಕೇಳಿದ್ದರೆ ನಿಷೇಧ ಪೂರ್ತಿ ಗೆದ್ದಂತೆ ಕಾಣುತ್ತಿತ್ತು.

ಇಲ್ಲಿಂದ ನಿಮ್ಮ ಪ್ರಶ್ನಾವಳಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಸಮೀಕ್ಷೆಗಳು ಕೆಡುವುದು ಇಲ್ಲಿಯೇ. ಹಲವು ವರ್ಷಗಳ ಹಿಂದೆ ಪಾಂಡವಪುರದ ಕಡೆ ಒಂದು ಹಳ್ಳಿಯಲ್ಲಿ, ಜಗಲಿಯ ಮೇಲೆ ಕೂತಿದ್ದ ಒಬ್ಬ ಅಜ್ಜಿಯನ್ನು ನಮ್ಮ ವಿದ್ಯಾರ್ಥಿನಿ, ‘ನೀವು ತಂಬಾಕು ಸೇವನೆ ಮಾಡುತ್ತೀರಾ?’ ಎಂದು ನಮೂನೆಯಲ್ಲಿ ಅಚ್ಚಾಗಿದ್ದಂತೆಯೇ ಕೇಳಿದಳು. ಅಜ್ಜಿ, ‘ಇಲ್ಲ ಕಣವ್ವ, ಅವೆಲ್ಲ ಗಂಡಸ್ರು ಮಾಡದು’ ಎಂದರು. ವಿದ್ಯಾರ್ಥಿನಿ ‘ಇಲ್ಲ’ ಎಂದು ಗುರುತು ಹಾಕಿದಳು. ಅಷ್ಟರಲ್ಲಿ ಅಜ್ಜಿ ಸೊಂಟದಿಂದ ಎಲೆಅಡಿಕೆ ಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು, ಸಣ್ಣ ಪೊಟ್ಟಣದಿಂದ ಕಡ್ಡಿಪುಡಿಯನ್ನು ಎರಡು ಬೆರಳಲ್ಲಿ ಎತ್ತಿ ಅದರ ಮೇಲೆ ಉದುರಿಸಿದರು. ನಾನು, ‘ಅದು ಏನಜ್ಜಿ?’ ಎಂದೆ. ‘ಇದಾ? ಕಡ್ಡಿಪುಡಿ. ಇದಿಲ್ದಿದ್ರೆ ಎಲೆಅಡಿಕೆ ಸಪ್ಪೆ’ ಎಂದರು. ಅವರು ಸುಳ್ಳು ಹೇಳಿರಲಿಲ್ಲ. ತಂಬಾಕು ಎಂಬುದು ಅವರ ಪಾಲಿಗೆ ಬೀಡಿ ಸಿಗರೇಟಿನ ಹೆಸರು. ಕಡ್ಡಿಪುಡಿ ಎಲೆಅಡಿಕೆಯ ಒಂದು ಭಾಗ. ಆದ್ದರಿಂದ ಪ್ರತಿಯೊಂದನ್ನೂ ಅದರ ಹೆಸರಿನಿಂದಲೇ, ಸಾಧ್ಯವಾದರೆ ಖಾಲಿ ಪೊಟ್ಟಣಗಳನ್ನು ಒಂದು ಹಲಗೆಗೆ ಅಂಟಿಸಿ ತೋರಿಸಿ ಕೇಳಿ: ಬೀಡಿ, ಸಿಗರೇಟು, ಕಡ್ಡಿಪುಡಿ, ಹೊಗೆಸೊಪ್ಪಿನ ಎಸಳು, ಜರ್ದಾ, ಪಾನ್ ಮಸಾಲಾದೊಡನೆ ಬೆರೆಸುವ ತಂಬಾಕು, ಖೈನಿ, ನಶ್ಯ. ಹಲ್ಲಿಗೆ ಉಜ್ಜುವುದನ್ನೂ ಮರೆಯಬೇಡಿ. ಬರೀ ಎಲೆಅಡಿಕೆ ಹಾಕುವವರನ್ನು ಬೇರೆಯಾಗಿ ಬರೆದುಕೊಳ್ಳಿ. ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಾಬೀತಾಗಿದೆ, ಆದರೆ ಅದು ಬೇರೆಯೇ ಲೆಕ್ಕ. ಅತ್ತೆಯ ಮುಂದೆ ಸೊಸೆಯನ್ನು, ಅಪ್ಪನ ಮುಂದೆ ಮಗನನ್ನು ಕೇಳಬಾರದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಳ್ಳಿಗಳ ಆಯ್ಕೆಯನ್ನು ಹೀಗೆ ಮಾಡಿ. ಹನ್ನೆರಡರಲ್ಲಿ ಗಾತ್ರ, ನೀರಾವರಿ, ಪೇಟೆಗೆ ಇರುವ ದೂರ ಇವುಗಳಲ್ಲಿ ಒಂದನ್ನೊಂದು ಹೋಲುವ ಆರು ಜೋಡಿಗಳನ್ನು ಮಾಡಿಕೊಂಡು, ಎಲ್ಲ ಹಳ್ಳಿಗಳಲ್ಲೂ ಮೊದಲ ಸಮೀಕ್ಷೆ ಮುಗಿಸಿ, ಆಮೇಲೆ ಪಂಚಾಯಿತಿ ಕಚೇರಿಯಲ್ಲಿ ಎಲ್ಲರ ಎದುರು ಚೀಟಿ ಎತ್ತಿ. ಚೀಟಿ ಬಂದ ಆರು ಹಳ್ಳಿಗಳಲ್ಲಿ ಮೊದಲ ವರ್ಷ ಕಾರ್ಯಕ್ರಮ, ಉಳಿದ ಆರರಲ್ಲಿ ಎರಡನೆಯ ವರ್ಷ. ಯಾರನ್ನೂ ಕೈಬಿಟ್ಟಂತಾಗುವುದಿಲ್ಲ, ನಿಮಗೆ ಹೋಲಿಕೆಯೂ ಸಿಗುತ್ತದೆ. ಚೀಟಿ ಎತ್ತದೆ ‘ಉತ್ಸಾಹ ಇರುವ ಊರಿನಲ್ಲಿ ಮೊದಲು ಮಾಡೋಣ’ ಎಂದರೆ ಮುಗಿಯಿತು. ಉತ್ಸಾಹವಿರುವ ಊರಿನಲ್ಲಿ ನೀವು ಹೋಗದಿದ್ದರೂ ಜನ ಹೆಚ್ಚು ಬಿಡುತ್ತಿದ್ದರು. ಜೋಡಿಯ ಎರಡು ಊರುಗಳು ಒಂದೇ ಸಂತೆಗೆ, ಒಂದೇ ಹಾಲಿನ ಡೈರಿಗೆ ಹೋಗುವಷ್ಟು ಹತ್ತಿರ ಇರದಂತೆಯೂ ನೋಡಿಕೊಳ್ಳಿ. ಬೆಳಗ್ಗೆ ಡೈರಿಯ ಸಾಲಿನಲ್ಲಿ ನಿಂತವರ ಮಾತು ಯಾವ ಕರಪತ್ರಕ್ಕಿಂತಲೂ ಬೇಗ ಹರಡುತ್ತದೆ.

ನೀವು ವಿಜ್ಞಾನದ ಮೇಷ್ಟ್ರು, ಆದ್ದರಿಂದ ಒಂದು ಲೆಕ್ಕವನ್ನೂ ಹೇಳುತ್ತೇನೆ. ಹಳ್ಳಿಗೆ 100 ಬಳಕೆದಾರರಂತೆ 1,200 ಜನರನ್ನು ಕೇಳಿದರೆ ನಿಮ್ಮಲ್ಲಿ 1,200 ಬಿಡಿ ಉತ್ತರಗಳಿವೆ ಎಂದು ಅನ್ನಿಸುತ್ತದೆ. ಆದರೆ ಒಂದೇ ಊರಿನವರು ಒಂದೇ ಅಂಗಡಿಯಲ್ಲಿ ಕೊಳ್ಳುತ್ತಾರೆ, ಒಂದೇ ಅರಳಿಕಟ್ಟೆಯಲ್ಲಿ ಕೂರುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬಿಡುತ್ತಾರೆ. ಒಂದೇ ಊರಿನವರು ಒಬ್ಬರನ್ನೊಬ್ಬರು ಹೋಲುವ ಈ ಗುಣದ ಅಳತೆ (ಸ್ವಲ್ಪವೂ ಹೋಲದಿದ್ದರೆ 0, ಪೂರ್ತಿ ಹೋಲಿದರೆ 1) 0.02ರಷ್ಟು ಸಣ್ಣದಿದ್ದರೂ ಸಾಕು, ಅದನ್ನು 99ರಿಂದ, ಅಂದರೆ ಹಳ್ಳಿಯ 100 ಜನರಲ್ಲಿ ಒಂದನ್ನು ಕಳೆದ ಸಂಖ್ಯೆಯಿಂದ, ಗುಣಿಸಿ ಒಂದನ್ನು ಕೂಡಿದರೆ 2.98 ಬರುತ್ತದೆ, 1,200ನ್ನು ಅದರಿಂದ ಭಾಗಿಸಿದರೆ ಉಳಿಯುವುದು ಸುಮಾರು 400 ಜನರ ತೂಕದ ಮಾಹಿತಿ. ಹಾಗಾಗಿ ಪ್ರತಿ ಹಳ್ಳಿಯಲ್ಲಿ ಜನರನ್ನು ಹೆಚ್ಚಿಸುವುದಕ್ಕಿಂತ ಹಳ್ಳಿಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಲಾಭ. ಹುಣಸೂರಿನ ಗೆಳೆಯರು ಅದೇ ನಮೂನೆ, ಅದೇ ವೇಳಾಪಟ್ಟಿ ಇಟ್ಟುಕೊಂಡು ಇನ್ನಷ್ಟು ಜೋಡಿಗಳನ್ನು ಸೇರಿಸಿದರೆ ನಿಮ್ಮಿಬ್ಬರ ಫಲಿತಾಂಶಕ್ಕೂ ಬಲ ಬರುತ್ತದೆ.

ಕಾರ್ಯಕ್ರಮದಲ್ಲಿ ಏನಿರಬೇಕು? ತೆರಿಗೆ ನಿಮ್ಮ ಕೈಯಲ್ಲಿಲ್ಲ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆಂಬ 2003ರ ಕಾನೂನು ಪಂಚಾಯಿತಿಯ ಕೈಯಳತೆಯಲ್ಲೇ ಇದೆ. ರಾಜ್ಯದ ತಿದ್ದುಪಡಿಯ ನಂತರ ಮಾರಾಟದ ವಯಸ್ಸಿನ ಮಿತಿಯೂ 21ಕ್ಕೆ ಏರಿದೆ. ಮೂರು ತಿಂಗಳಿಗೊಮ್ಮೆ ಅಂಗಡಿಗಳ ಪಟ್ಟಿ ಹಿಡಿದು ಯಾರು ಪಾಲಿಸುತ್ತಿದ್ದಾರೆಂದು ನೋಡಿ ಬರೆದುಕೊಂಡರೆ ಅದೇ ಒಂದು ಅಳತೆ.

ಶಾಲೆಯ ಪಾಠಗಳ ಬಗ್ಗೆ ಮಾತ್ರ ಹೆಚ್ಚು ಭರವಸೆ ಇಟ್ಟುಕೊಳ್ಳಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 40 ಶಾಲಾ ಜಿಲ್ಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮೂರನೆಯ ತರಗತಿಯಿಂದ ಪ್ರೌಢಶಾಲೆ ಮುಗಿದ ಎರಡು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವೊಂದು, ಅಷ್ಟು ಚೆನ್ನಾಗಿ ಹೆಣೆದ ಪಾಠಕ್ರಮದಿಂದಲೂ ಸೇದುವವರ ಪ್ರಮಾಣದಲ್ಲಿ ವ್ಯತ್ಯಾಸವಾಗಲಿಲ್ಲವೆಂದು 2000ದಲ್ಲಿ ವರದಿ ಮಾಡಿತು. ಆದರೆ ದೆಹಲಿ ಮತ್ತು ಚೆನ್ನೈನ 32 ಶಾಲೆಗಳಲ್ಲಿ 2004ರಿಂದ 2006ರವರೆಗೆ ನಡೆದ ‘ಮೈತ್ರಿ’ ಕಾರ್ಯಕ್ರಮದಲ್ಲಿ, ಹೋಲಿಕೆಯ ಶಾಲೆಗಳಲ್ಲಿ ಬಳಕೆ ಶೇ. 68ರಷ್ಟು ಏರಿದಾಗ ಕಾರ್ಯಕ್ರಮದ ಶಾಲೆಗಳಲ್ಲಿ ಅದು ಶೇ. 17ರಷ್ಟು ಇಳಿಯಿತು. ಇಲ್ಲಿ ಗಮನಿಸಿ, ಹೋಲಿಕೆಯ ಶಾಲೆಗಳು ಇಲ್ಲದಿದ್ದರೆ ಆ ಏರಿಕೆಯನ್ನು ತಡೆದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಲ್ಲಿ ಮಕ್ಕಳೇ ಮಕ್ಕಳನ್ನು ಮುನ್ನಡೆಸಿದರು. ಉಪನ್ಯಾಸಕ್ಕಿಂತ ಅದೇ ಹೆಚ್ಚು ಕೆಲಸ ಮಾಡಿತೆಂಬುದು ನನ್ನ ತಿಳಿವಳಿಕೆ.

ನಿಮಗೆ ಅದಕ್ಕಿಂತಲೂ ಹತ್ತಿರವಾದದ್ದು ಬಿಹಾರದ ಶಿಕ್ಷಕರ ಅಧ್ಯಯನ. 72 ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಬಿಟ್ಟು ಶಿಕ್ಷಕರನ್ನೇ ಗುರಿಯಾಗಿಸಿಕೊಂಡು, ಶಾಲೆಯೊಳಗೆ ತಂಬಾಕು ಬಾರದ ನಿಯಮವನ್ನು ಶಿಕ್ಷಕರೇ ರೂಪಿಸುವಂತೆ ಮಾಡಿದರು. ಕಾರ್ಯಕ್ರಮ ಮುಗಿದಾಗ 30 ದಿನ ಮುಟ್ಟದವರು ಶೇ. 50, ಹೋಲಿಕೆಯ ಶಾಲೆಗಳಲ್ಲಿ ಶೇ. 15. ಆರು ತಿಂಗಳ ಅಳತೆಯಲ್ಲಿ ಇದು ಶೇ. 19 ಮತ್ತು ಶೇ. 7. ಎರಡೂ ಅಳತೆಗಳಲ್ಲಿ ಕಾರ್ಯಕ್ರಮದ ಶಾಲೆಗಳೇ ಮುಂದಿದ್ದವು. ಆದರೆ 50 ಎಂಬುದು 19 ಆದದ್ದನ್ನು ನೆನಪಿಡಿ. ಒಂದು ತಿಂಗಳ ಲೆಕ್ಕವನ್ನು ಸಾಧನೆಯೆಂದು ಬರೆಯಬಾರದು, ಆರು ತಿಂಗಳು ಒಂದೇ ಸಮನೆ ಮುಟ್ಟದಿದ್ದವರನ್ನು ಮಾತ್ರ ಬಿಟ್ಟವರೆಂದು ಎಣಿಸಬೇಕು.

ವಯಸ್ಕರಿಗೆ ಬೇಕಾದದ್ದು ಬುದ್ಧಿಮಾತಿಗಿಂತ ಹೆಚ್ಚಾಗಿ ನೆರವು. ಆಶಾ ಕಾರ್ಯಕರ್ತೆಯರಿಗೂ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೂ ತರಬೇತಿ ಕೊಡಿಸಿ, ಬಿಡುತ್ತೇನೆಂದವರೊಡನೆ ದಿನ ಗೊತ್ತುಮಾಡಿಸಿ, ಮೊದಲ ಎರಡು ವಾರ ಪದೇ ಪದೇ ಹೋಗಿ ಮಾತಾಡಿಸಿ. ಹೆಚ್ಚಿನವರು ಮರಳುವುದು ಆ ದಿನಗಳಲ್ಲೇ. ಪೊಟ್ಟಣಗಳ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಉಚಿತ ಸಹಾಯವಾಣಿಗೆ ಅವರ ಎದುರೇ ಕರೆ ಮಾಡಿಸಿ. ನಿಕೋಟಿನ್ ಗಮ್ ಬೀಡಿ ಸಿಗರೇಟು ಬಿಡುವವರಿಗೆ ನಿಜವಾಗಿ ಉಪಕಾರಿ, ಆದರೆ ಅಗಿಯುವವರ ವಿಷಯದಲ್ಲಿ ಅದಕ್ಕೆ ಅಷ್ಟೇ ಗಟ್ಟಿ ಪುರಾವೆ ಇಲ್ಲ. ಅಲ್ಲಿ ಒತ್ತಾಸೆಯ ಮಾತೇ ಮುಖ್ಯ ಔಷಧ. ಬಾಯಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಕಂಡುಬಂದರೆ ಸಮೀಕ್ಷೆಯನ್ನು ಪಕ್ಕಕ್ಕಿಟ್ಟು ಅವರನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಫಿಲಿಪ್ಪೀನ್ಸ್‌ನ ಒಂದು ಪ್ರಯೋಗವೂ ನಿಮಗೆ ಹಿಡಿಸಬಹುದು. ಸೇದುವವರು ಆರು ತಿಂಗಳು ತಮ್ಮದೇ ಹಣವನ್ನು ಒಂದು ಖಾತೆಗೆ ಕಟ್ಟುತ್ತಾ ಹೋಗುವುದು, ಕೊನೆಯಲ್ಲಿ ಮೂತ್ರ ಪರೀಕ್ಷೆಯಲ್ಲಿ ನಿಕೋಟಿನ್ ಇಲ್ಲದಿದ್ದರೆ ಹಣ ವಾಪಸು, ಇದ್ದರೆ ಅದು ದಾನಕ್ಕೆ. ಹಾಗೆ ಖಾತೆ ತೆರೆಯಲು ಒಪ್ಪಿದವರು ನೂರಕ್ಕೆ ಹನ್ನೊಂದು ಮಂದಿ ಮಾತ್ರ. ಆದರೂ ಒಪ್ಪದವರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಸುಮಾರು ಮೂರು ಅಂಶದ ಲಾಭ ಕಂಡಿತು, ವರ್ಷದ ನಂತರ ಮುನ್ಸೂಚನೆಯಿಲ್ಲದೆ ಪರೀಕ್ಷಿಸಿದಾಗಲೂ ಅದು ಉಳಿದಿತ್ತು. ಸ್ತ್ರೀಶಕ್ತಿ ಸಂಘಗಳಲ್ಲಿ ವಾರವಾರ ಹಣ ಕಟ್ಟಿ ಅಭ್ಯಾಸವಿರುವ ನಮ್ಮ ಊರುಗಳಿಗೆ ಇದು ಹೊಂದುತ್ತದೆಂದು ನನಗೆ ಅನ್ನಿಸುತ್ತದೆ. ಕಡುಬಡವರ ಹಣ ಹೋಗದಂತೆ ಮೊತ್ತವನ್ನು ಚಿಕ್ಕದಾಗಿಡಿ.

ಸಮೀಕ್ಷೆಯ ಕಾಲವನ್ನು ಆರಿಸುವಾಗ ನಮ್ಮ ಪಂಚಾಂಗವನ್ನು ನೋಡಲೇಬೇಕು. ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪ ಮಾಲೆ ಹಾಕಿದವರು ಬೀಡಿ, ಸಿಗರೇಟು, ಕುಡಿತ ಯಾವುದನ್ನೂ ಮುಟ್ಟುವುದಿಲ್ಲ. ಆಗ ಹೋಗಿ ‘ಕಳೆದ ಒಂದು ತಿಂಗಳಲ್ಲಿ ಸೇದಿದ್ದೀರಾ?’ ಎಂದು ಕೇಳಿದರೆ ಪ್ರಾಮಾಣಿಕವಾಗಿಯೇ ‘ಇಲ್ಲ ಸ್ವಾಮಿ’ ಎನ್ನುತ್ತಾರೆ. ಮೊದಲ ಸಮೀಕ್ಷೆ ಆಗಸ್ಟಿನಲ್ಲಿ, ಎರಡನೆಯದು ಡಿಸೆಂಬರಿನಲ್ಲಿ ಮಾಡಿದರೆ ನಿಮ್ಮ ಕಾರ್ಯಕ್ರಮದ ಹೆಸರಿನಲ್ಲಿ ಶಬರಿಮಲೆಯ ವ್ರತವನ್ನು ಎಣಿಸಿದಂತಾಗುತ್ತದೆ. ರಂಜಾನ್ ತಿಂಗಳಿಗೂ ಇದೇ ಮಾತು. ಎರಡು ಸಮೀಕ್ಷೆಗಳನ್ನೂ ವರ್ಷದ ಒಂದೇ ತಿಂಗಳಲ್ಲಿ ಮಾಡಿ. ಆದರೆ ಆ ವ್ರತದಲ್ಲಿ ಕಾರ್ಯಕ್ರಮಕ್ಕೆ ಒಂದು ದಾರಿಯೂ ಇದೆ. 41 ದಿನ ಮುಟ್ಟದೆ ಇದ್ದವರ ಮೈ ನಿಕೋಟಿನ್ನಿನ ಮೊದಲ ಕಷ್ಟವನ್ನು ಆಗಲೇ ದಾಟಿರುತ್ತದೆ. ಬೆಟ್ಟದಿಂದ ಇಳಿದು ಊರಿಗೆ ಬಂದು ಮಾಲೆ ಬಿಚ್ಚುವ ಆ ದಿನ, ಗೆಳೆಯರು ಬೀಡಿ ನೀಡುವ ಮುಂಚೆ, ನಿಮ್ಮ ಹುಡುಗರು ಅಲ್ಲಿರಲಿ. ಎರಡು ವರ್ಷದ ನಿಮ್ಮ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ.

ಎರಡನೆಯ ಸಮೀಕ್ಷೆಯಲ್ಲಿ ನಾನೇ ಮಾಡಿದ ತಪ್ಪೊಂದನ್ನು ನೀವು ಮಾಡಬಾರದು. ವೃತ್ತಿಯ ಆರಂಭದಲ್ಲಿ ನಾವು ನಡೆಸಿದ ಶಿಬಿರವೊಂದರ ನಂತರ, ಮರಳಿ ಬಂದವರಲ್ಲಿ ಎಷ್ಟು ಜನ ಬಿಟ್ಟಿದ್ದಾರೆಂದು ಎಣಿಸಿ ವರದಿ ಕೊಟ್ಟೆವು, ಮೆಚ್ಚುಗೆಯೂ ಬಂತು. ಬಾರದವರು ಯಾಕೆ ಬರಲಿಲ್ಲವೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮತ್ತೆ ಶುರುಮಾಡಿದವರು ಮುಖ ತೋರಿಸಲು ಸಂಕೋಚಪಟ್ಟು ದೂರ ಉಳಿದಿದ್ದರೆಂದು ಮುಂದೆ ಆ ಊರುಗಳಲ್ಲಿ ಓಡಾಡುವಾಗ ಗೊತ್ತಾಯಿತು. ಒಂದು ಲೆಕ್ಕ ಊಹಿಸಿಕೊಳ್ಳಿ: 200 ಜನ ಹೆಸರು ಬರೆಸಿದ್ದಾರೆ, 110 ಜನ ಮತ್ತೆ ಸಿಕ್ಕಿದ್ದಾರೆ, ಅವರಲ್ಲಿ 44 ಮಂದಿ ಬಿಟ್ಟಿದ್ದಾರೆ. ಸಿಕ್ಕವರ ಲೆಕ್ಕದಲ್ಲಿ ಶೇ. 40, ಹೆಸರು ಬರೆಸಿದವರ ಲೆಕ್ಕದಲ್ಲಿ ಶೇ. 22. ಸಿಗದವರೆಲ್ಲ ಬಿಟ್ಟಿಲ್ಲವೆಂದೇ ಎಣಿಸಿ, 22 ಎಂದೇ ಬರೆಯಿರಿ. ಮೊದಲ ಸಮೀಕ್ಷೆಯಲ್ಲೇ ಮನೆಯ ಗುರುತನ್ನೂ ಇನ್ನೊಬ್ಬ ಬಂಧುವಿನ ಫೋನ್ ಸಂಖ್ಯೆಯನ್ನೂ ಅವರ ಒಪ್ಪಿಗೆ ಪಡೆದು ಬರೆದುಕೊಂಡರೆ ಹುಡುಕುವುದು ಸುಲಭವಾಗುತ್ತದೆ. ಎರಡನೆಯ ಸಾರಿ ಕೇಳಲು ಹೋಗುವವರು ಕಾರ್ಯಕ್ರಮ ನಡೆಸಿದವರಾಗಿರಬಾರದು. ಮನೆಗೆ ನಾಲ್ಕು ಸಾರಿ ಬಂದುಹೋದ ಮೇಷ್ಟ್ರ ಮುಂದೆ ‘ಇನ್ನೂ ಹಾಕ್ತಿದ್ದೀನಿ’ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಮಾತನ್ನಷ್ಟೇ ನಂಬದೆ ಪರೀಕ್ಷೆ ಮಾಡಬಹುದೇ ಎಂದರೆ ಮಾಡಬಹುದು, ಆದರೆ ಯಾವ ಪರೀಕ್ಷೆ ಏನನ್ನು ಹೇಳುತ್ತದೆಂದು ತಿಳಿದಿರಬೇಕು. ಉಸಿರಿನ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಉಪಕರಣ ಬೀಡಿ ಸಿಗರೇಟನ್ನು ಮಾತ್ರ ಹಿಡಿಯುತ್ತದೆ, ಅದೂ ಸುಮಾರು ಒಂದು ದಿನದ ಒಳಗಿನದನ್ನು. ಕಡ್ಡಿಪುಡಿಯ ಮಟ್ಟಿಗೆ ಅದು ಕುರುಡು. ನಿಕೋಟಿನ್ ಮೈಯಲ್ಲಿ ಮಾರ್ಪಟ್ಟು ಆಗುವ ಕೋಟಿನಿನ್ ಎಂಬ ವಸ್ತುವನ್ನು ಜೊಲ್ಲಿನಲ್ಲೋ ಮೂತ್ರದಲ್ಲೋ ನೋಡಿದರೆ ಕೆಲವು ದಿನಗಳ ಹಿಂದಿನವರೆಗಿನ ಎಲ್ಲ ಬಗೆಯ ತಂಬಾಕೂ ತಿಳಿಯುತ್ತದೆ, ಆದರೆ ನಿಕೋಟಿನ್ ಗಮ್ ಅಗಿಯುವವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ. ಹೊಗೆಸೊಪ್ಪು ಬೆಳೆಯುವ ಹುಣಸೂರು ಕಡೆಯ ನಿಮ್ಮ ಗೆಳೆಯರು ಇನ್ನೂ ಒಂದನ್ನು ನೆನಪಿಡಬೇಕು. ಮಳೆಯಲ್ಲೋ ಬೆಳಗಿನ ಮಂಜಿನಲ್ಲೋ ಒದ್ದೆಯಾದ ಹೊಗೆಸೊಪ್ಪನ್ನು ಮುರಿದು ಕಂಕುಳಲ್ಲಿ ಹೊತ್ತು ತರುವವರ ಚರ್ಮದ ಮೂಲಕವೇ ನಿಕೋಟಿನ್ ಮೈಗೆ ಇಳಿಯುತ್ತದೆ. ತಲೆಸುತ್ತು, ವಾಂತಿ ಬರುವುದು ಅದರಿಂದಲೇ. ಜನ್ಮದಲ್ಲಿ ತಂಬಾಕು ಬಾಯಿಗಿಡದ ಹೆಣ್ಣುಮಗಳ ಪರೀಕ್ಷೆಯಲ್ಲೂ ಆ ದಿನಗಳಲ್ಲಿ ಕೋಟಿನಿನ್ ಏರಿರುತ್ತದೆ. ಸೊಪ್ಪು ಮುರಿಯುವ ಮತ್ತು ಅದನ್ನು ಬ್ಯಾರನ್‌ಗೆ (ಸೊಪ್ಪು ಹದ ಮಾಡುವ ಮನೆಗೆ) ತುಂಬುವ ತಿಂಗಳುಗಳಲ್ಲಿ ಅಲ್ಲಿ ಈ ಪರೀಕ್ಷೆ ಬೇಡವೇ ಬೇಡ. ನಿರಪರಾಧಿಗಳನ್ನು ಸುಳ್ಳುಗಾರರೆಂದು ಬರೆದಂತಾಗುತ್ತದೆ.

ಅಲ್ಲಿಯ ಬೆಳೆಗಾರರು ಈ ಕಾರ್ಯಕ್ರಮವನ್ನು ಅನುಮಾನದಿಂದ ನೋಡುವುದು ಸಹಜ. ಅವರು ಬೆಳೆದು ಹರಾಜು ಮಾರುಕಟ್ಟೆಗೆ ಒಯ್ಯುವ ಸೊಪ್ಪು ಸಿಗರೇಟಿನದು, ಬಹುಪಾಲು ಹೊರದೇಶಕ್ಕೆ ಹೋಗುವಂಥದ್ದು. ಊರಿನ ಹತ್ತು ಜನ ಕಡ್ಡಿಪುಡಿ ಬಿಟ್ಟರೆ ಅವರ ಬೆಲೆ ಬೀಳುವುದಿಲ್ಲ ಎಂಬುದನ್ನು ನೇರವಾಗಿ ಹೇಳಿ. ಜಗತ್ತಿನ ಬೇಡಿಕೆ ಇಳಿಯುತ್ತಾ ಹೋದರೆ ಬೇರೆ ಬೆಳೆಯ ಚಿಂತೆ ಬರುತ್ತದೆಂಬುದನ್ನೂ ಮುಚ್ಚಿಡಬೇಡಿ. ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸುವುದು ಸರ್ಕಾರಗಳ ಹೊಣೆಯೆಂದು ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲೇ ಹೇಳಿದೆ. ತಂಬಾಕು ಕಂಪನಿಗಳಿಂದ ಅಥವಾ ಅವುಗಳ ಸಾಮಾಜಿಕ ಸೇವಾ ನಿಧಿಯಿಂದ ಮಾತ್ರ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಬೇಡಿ. ಅಂಥ ಹಣ ಬಂದ ಕಡೆ ಕಾರ್ಯಕ್ರಮ ಮಕ್ಕಳಿಗೆ ಬುದ್ಧಿ ಹೇಳುವುದಕ್ಕೇ ನಿಂತು, ಮಾರಾಟದ ಕಡೆ ಕಣ್ಣು ಹಾಯಿಸದಂತಾಗುತ್ತದೆ.

ಚೀಟಿ ಎತ್ತುವ ದಿನವೇ ಒಂದು ಹಾಳೆಯಲ್ಲಿ ಮೂರು ವಿಷಯಗಳನ್ನು ಬರೆದು, ಸಂಘದವರೆಲ್ಲ ಸಹಿ ಹಾಕಿ, ಪಂಚಾಯಿತಿ ಕಚೇರಿಯಲ್ಲಿ ಇಡಿ: ಯಾರನ್ನು ಬಿಟ್ಟವರೆಂದು ಎಣಿಸುತ್ತೀರಿ, ಎರಡನೆಯ ಸಮೀಕ್ಷೆ ಯಾವ ತಿಂಗಳು, ಹೋಲಿಕೆಯ ಊರುಗಳಿಗಿಂತ ಎಷ್ಟು ಅಂಶ ಹೆಚ್ಚಿದ್ದರೆ ಕಾರ್ಯಕ್ರಮ ಫಲ ನೀಡಿತೆನ್ನುತ್ತೀರಿ. ಅಂಕಿ ಬಂದ ಮೇಲೆ ಅಳತೆಗೋಲನ್ನು ಬದಲಿಸುವ ಆಸೆ ಒಳ್ಳೆಯವರಿಗೂ ಬರುತ್ತದೆ. ಆರು ಜೋಡಿಗಳಲ್ಲಿ ವ್ಯತ್ಯಾಸ ಕಾಣದೇ ಹೋದರೆ ಎರಡನೆಯ ವರ್ಷ ಉಳಿದ ಹಳ್ಳಿಗಳಿಗೆ ಅದನ್ನೇ ಒಯ್ಯಬೇಡಿ. ಎಲ್ಲಿ ತಪ್ಪಿತೆಂದು ಭೇಟಿಗಳ ದಾಖಲೆಯಲ್ಲಿ ಹುಡುಕಿ, ಬದಲಿಸಿ, ಆಮೇಲೆ ಹೋಗಿ. ಅದಕ್ಕಾಗಿಯೇ ಯಾರು, ಯಾವ ಮನೆಗೆ, ಎಷ್ಟು ಸಾರಿ ಹೋದರೆಂಬ ಪುಸ್ತಕವನ್ನು ಮೊದಲ ದಿನದಿಂದ ಇಟ್ಟಿರಬೇಕು.

ಪ್ರಶ್ನಾವಳಿಯ ಕರಡನ್ನು ಮೊದಲು ಈ 12ರಲ್ಲಿ ಸೇರದ ಒಂದು ಊರಿನ ಹತ್ತು ಮನೆಗಳಲ್ಲಿ ಕೇಳಿ ನೋಡಿ, ಎಲೆಅಡಿಕೆ ಚೀಲ ಬಿಚ್ಚುವ ಅಜ್ಜಿಯರನ್ನು ಅದರಲ್ಲಿ ತಪ್ಪದೆ ಸೇರಿಸಿ. ಆ ಹತ್ತು ನಮೂನೆಗಳನ್ನೂ ನಿಮ್ಮ ಹಳ್ಳಿಗಳ ಜೋಡಿ ಪಟ್ಟಿಯನ್ನೂ ನನಗೆ ಕಳಿಸಿಕೊಡಿ. ಚೀಟಿ ಎತ್ತುವ ಮುಂಚೆ ಕೂತು ನೋಡಿಕೊಡುತ್ತೇನೆ.